ತೇರಿನ ದಾರಿಯಲ್ಲೊಂದು ಪಾನಕದ ಮೇಜು

ಆಕೆಯನ್ನು ಇಲ್ಲಿ ಲಲಿತಾ ಎಂದು ಕರೆಯುತ್ತೇನೆ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಶಿರಸಿ ಮಾರಿಕಾಂಬೆಯ ಜಾತ್ರೆಯನ್ನು ಮಾತ್ರ ಬದಲಿಸಲು ಬರಲಿಲ್ಲ. ಅದನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ.

2023ರ ಡಿಸೆಂಬರಿನಲ್ಲಿ ಮಗಳ ಜೊತೆ ಆಪ್ತಸಲಹೆಗೆಂದು ನನ್ನ ಬಳಿ ಬಂದರು. ನಲವತ್ತಾರು ವಯಸ್ಸು, ಮನೆಯಲ್ಲೇ ರವಿಕೆ ಹೊಲಿಯುವ ಕೆಲಸ. ಮೂರು ವಾರದಿಂದ ನಿದ್ದೆ ಇಲ್ಲ, ರಾತ್ರಿ ಎದೆ ಹೊಡೆದುಕೊಳ್ಳುತ್ತದೆ. ಇಸಿಜಿ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ. ಡಾಕ್ಟರು "ಯಾರ ಹತ್ರಾದ್ರೂ ಮಾತಾಡಿ" ಎಂದು ಚೀಟಿ ಬರೆದು ಕಳಿಸಿದ್ದರು. ಯಾವಾಗಿನಿಂದ ಎಂದು ಕೇಳಿದೆ. ಮಗಳೇ ಹೇಳಿದಳು: "ಜಾತ್ರೆ ತಾರೀಖು ಗೊತ್ತಾದಾಗಿಂದ."

ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮಂಗಳವಾರ ರಾತ್ರಿ ದೇವಿಯ ಮದುವೆ, ಬುಧವಾರ ತೇರು, ಆಮೇಲೆ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತ ದೇವಿಗೆ ಮುಂದಿನ ಬುಧವಾರದವರೆಗೆ ಉಡಿ, ಹಣ್ಣುಕಾಯಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ನೆಂಟರು ತುಂಬಿ ಮನೆಯಲ್ಲಿ ಚಾಪೆ ಸಾಲುವುದಿಲ್ಲ. ಬಳೆ ಅಂಗಡಿ, ತೊಟ್ಟಿಲು, ನಾಟಕದ ಟೆಂಟು, ರಾತ್ರಿಯೆಲ್ಲ ಮೈಕು. ಈ ಊರಿನಲ್ಲಿ ಬಹಳ ಜನ ವರ್ಷವನ್ನು ಎಣಿಸುವುದೇ "ಆ ಜಾತ್ರೆಯಾಗಿ ಎರಡು ತಿಂಗಳಿಗೆ" ಎಂಬ ಲೆಕ್ಕದಲ್ಲಿ.

ಲಲಿತಾ ಅವರ ಗಂಡ ಗೂಡ್ಸ್ ರಿಕ್ಷಾ ಓಡಿಸುತ್ತಿದ್ದರು. 2020ರ ಮಾರ್ಚಿನ ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್ ಆಯಿತು. ಮರುವರ್ಷ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಅವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಲಲಿತಾ ಅವರಿಗೂ ಪಾಸಿಟಿವ್, ಮನೆಯ ಬಾಗಿಲಿಗೆ ಪಟ್ಟಿ. ದೇಹ ಮನೆಗೆ ಬರಲಿಲ್ಲ. ನೋಡಿದ್ದು ಮೈದುನ ಫೋನಿನಲ್ಲಿ ಕಳಿಸಿದ ವಿಡಿಯೊ, ಅದೂ ದೂರದಿಂದ. ಹದಿಮೂರನೇ ದಿನಕ್ಕೆ ಇದ್ದವರು ಮನೆಯವರು ಮೂವರೇ. ನಮ್ಮ ಕಡೆ ಸಾವಾದ ಮನೆಗೆ ಜನ "ಮಾತಾಡಿಸಿಕೊಂಡು ಹೋಗಲು" ಬರುತ್ತಾರಲ್ಲ, ಹಾಗೆ ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನಿರ್ಬಂಧ ಸಡಿಲವಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಹೋಗಿ ಏನಂತ ಮಾತಾಡಿಸುವುದು ಎಂದು ಜನ ಸುಮ್ಮನಾದರು.

2022ರ ಜಾತ್ರೆಯ ಒಂಬತ್ತು ದಿನ ಆಕೆ ಕಿಟಕಿ ಹಾಕಿಕೊಂಡು ಒಳಗಿದ್ದರು. ಹೊಲಿಯಲು ಬಂದಿದ್ದ ರವಿಕೆ ಕಣಗಳನ್ನೆಲ್ಲ ವಾಪಸು ಕೊಟ್ಟಿದ್ದರು. ಕಪಾಟಿನಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ ಇತ್ತು. ಗಂಡ 2020ರ ಜಾತ್ರೆಯಲ್ಲಿ ತಂದದ್ದು, ಅಂಗಡಿಯವನು ಸುತ್ತಿಕೊಟ್ಟ ಪೇಪರಿನಲ್ಲೇ. ತೊಟ್ಟಿರಲಿಲ್ಲ. ಬಿಸಾಡಲೂ ಆಗಿರಲಿಲ್ಲ.

ಅಗಲಿಕೆಯ ದುಃಖ ಆರು ತಿಂಗಳು ಮೀರಿಯೂ ಬದುಕನ್ನು ಹಿಡಿದು ನಿಲ್ಲಿಸಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಅದಕ್ಕೊಂದು ಹೆಸರು ಕೊಡುತ್ತದೆ. ನಾನು ಆ ಹೆಸರಿಗೆ ಅವಸರ ಮಾಡಲಿಲ್ಲ. ಈಕೆ ದುಡಿಯುತ್ತಿದ್ದರು, ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದರು, ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ಆದರೆ ನಿದ್ದೆ ಪೂರ್ತಿ ಕೆಟ್ಟಿತ್ತು, ಊಟ ಇಳಿದಿತ್ತು. ಹಾಗಾಗಿ ಮೊದಲು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಕಳಿಸಿದೆ. ಅವರು ಸಣ್ಣ ಪ್ರಮಾಣದಲ್ಲಿ ಮಾತ್ರೆ ಶುರು ಮಾಡಿದರು. ಮಾತಿಗೆ ಕೂರಬೇಕಾದರೆ ಮನುಷ್ಯ ರಾತ್ರಿ ನಾಲ್ಕು ತಾಸಾದರೂ ಮಲಗಿರಬೇಕು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅಡ್ಡಿಯಾಗಿರುವುದು ಅತ್ತೆಯೇ ಇರಬೇಕು, ವಿಧವೆ ಜಾತ್ರೆಗೆ ಹೋಗಬಾರದು ಎಂದಿರಬೇಕು ಎಂದು ನಾನೇ ಊಹಿಸಿಕೊಂಡೆ. ಅವರನ್ನು ಕರೆಸಿ, "ಅಮ್ಮಾ, ಸೊಸೆ ಜಾತ್ರೆಗೆ ಹೋದರೆ ನಿಮ್ಮದೇನಾದರೂ ಅಡ್ಡಿ ಇದೆಯಾ?" ಎಂದು ಕೇಳಿಬಿಟ್ಟೆ. ಲಲಿತಾ ಅವರ ಎದುರಿಗೇ. ಆ ಒಂದು ಪ್ರಶ್ನೆಯಿಂದ ಅದು ಅಪ್ಪಣೆ ಬೇಡುವ ವಿಷಯವಾಗಿಹೋಯಿತು. ಮುದುಕಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ನಾನೂ ಇಪ್ಪತ್ತು ವರ್ಷದಿಂದ ಹಿಂಗೇ ಇದ್ದವಳು. ಒಂದು ಜಾತ್ರೆ ಬಿಟ್ಟಿರಲಿಲ್ಲ. ಹೋದ ಸಲ ಬಿಟ್ಟೆ. ತೇರು ಎಳೆಯೂಕೆ ಅವ ಇರೂದಿಲ್ಲ. ನೋಡೂಕೆ ಹೋದ್ರೆ ಅವ ಇಲ್ಲ ಅಂತ ಒಪ್ಪಿದಂಗೆ" ಎಂದರು. ಆ ಮನೆಯಲ್ಲಿ ಮಗ ಸತ್ತ ತಾಯಿಯೂ ಒಬ್ಬಳಿದ್ದಾಳೆ ಎಂಬುದು ನನ್ನ ಟಿಪ್ಪಣಿ ಪುಸ್ತಕದಲ್ಲೇ ಇರಲಿಲ್ಲ. ಸೊಸೆಯೂ ಅತ್ತೆಯೂ ಒಂದೇ ಗೋಡೆಯ ಆಚೆ ಈಚೆ ಎರಡೂವರೆ ವರ್ಷ ಬೇರೆ ಬೇರೆ ಅತ್ತಿದ್ದರು.

ದೇವಿಯ ಕಥೆಯನ್ನು ತೆಗೆದವರು ಲಲಿತಾ ಅವರೇ. ಮಾರಿಯ ಕಥೆ ಈ ಕಡೆ ಎಲ್ಲರಿಗೂ ಗೊತ್ತಿರುವುದೇ: ಮದುವೆಯಾಗುತ್ತಾಳೆ, ಗಂಡ ಜಾತಿ ಮುಚ್ಚಿಟ್ಟ ಮೋಸ ತಿಳಿಯುತ್ತದೆ, ಉರಿದೇಳುತ್ತಾಳೆ, ಅವನು ಸಾಯುತ್ತಾನೆ. ಆ ಕಥೆಯಲ್ಲಿ ಬೆರೆತಿರುವ ಜಾತಿಯ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಆ ಗಂಡನ ಗುರುತಾಗಿ ಕೊಡುತ್ತಿದ್ದ ಕೋಣದ ಬಲಿಯನ್ನು ಈ ಊರು ಗಾಂಧೀಜಿ ಬಂದುಹೋದ 1930ರ ದಶಕದಲ್ಲೇ ಬಿಟ್ಟಿತು, ಕಥೆಯನ್ನು ಮಾತ್ರ ಹಾಗೇ ಇಟ್ಟುಕೊಂಡಿದೆ. ಆದರೆ ಆಕೆ ಹಿಡಿದದ್ದು ಬೇರೆ ಎಳೆಯನ್ನು. "ಕಡೇ ದಿನ ಚಪ್ಪರಕ್ಕೆ ಬೆಂಕಿ ಹಾಕ್ತಾರೆ. ಮೊನ್ನೆ ಮದುವೆಯಾದವಳು ಅವತ್ತು ಎಲ್ಲಾ ಕಳ್ಕೊಂಡು ಹೋಗ್ತಾಳೆ. ಊರಿಗೆ ಊರೇ ನಿಂತು ನೋಡ್ತದೆ. ನನ್ನ ಮನೆಯವರು ಹೋದಾಗ ಯಾರು ನಿಂತಿದ್ರು ಮೇಡಂ?"

ಅವತ್ತು ಆಪ್ತಸಲಹೆ ಅಂತ ನಾನು ಕೊಟ್ಟದ್ದೇನೂ ಇಲ್ಲ. ನೀರು ಕೊಟ್ಟೆ. ಆಕೆಯ ಕೊರತೆ ಯಾವುದು ಎಂಬುದು ಆಗ ನನಗೆ ಖಚಿತವಾಯಿತು. ಕೊರತೆ ಹಬ್ಬದ್ದಲ್ಲ, ಮಾತಾಡಿಸಲು ಬರಬೇಕಿದ್ದ ಜನರದ್ದು. ಆ ಜನ ಎಲ್ಲ ಒಂದೇ ಕಡೆ ಸಿಗುವುದು ಜಾತ್ರೆಯಲ್ಲಿ.

ಮುಂದಿನ ಭೇಟಿಗಳಲ್ಲಿ ನಾವು ಕೂತು ಮಾಡಿದ್ದು ಮದುವೆ ಮನೆಯ ತಯಾರಿಯಂಥ ಕೆಲಸ. ಹೋಗಲೇಬೇಕು ಎಂದು ಇಲ್ಲ, ಯಾವ ಗಳಿಗೆಯಲ್ಲೂ ಬೇಡ ಎನ್ನಬಹುದು ಎಂಬುದು ಮೊದಲ ಮಾತು. ಜನವರಿಯಲ್ಲಿ ಬರೀ ಬಿಡಕಿಬೈಲಿನವರೆಗೆ ನಡೆದುಹೋಗಿ ಬರುವುದು, ಖಾಲಿ ಇರುವಾಗ. ಫೆಬ್ರವರಿಯಲ್ಲಿ ಚಪ್ಪರದ ಕೆಲಸ ಶುರುವಾದ ಮೇಲೆ ಇನ್ನೊಮ್ಮೆ. ಎದೆ ಹೊಡೆದುಕೊಂಡರೆ ಓಡಿಬರದೆ ಪಕ್ಕಕ್ಕೆ ಸರಿದು ನಿಂತು, ಉಸಿರು ಬಿಡುವುದನ್ನು ತೆಗೆದುಕೊಳ್ಳುವುದಕ್ಕಿಂತ ನಿಧಾನ ಮಾಡಿ, ಇಳಿಯುವವರೆಗೆ ಕಾಯುವುದು. ಮಗಳಿಗೆ ಒಂದು ಗುರುತಿನ ಮಾತು: "ಗ್ಯಾಸ್ ಆಫ್ ಮಾಡಿದ್ಯಾ?" ಎಂದು ಅಮ್ಮ ಕೇಳಿದರೆ ಏಕೆ ಎನ್ನದೆ ಮನೆಗೆ ಕರೆದುಕೊಂಡು ಹೋಗಬೇಕು. "ಇಷ್ಟು ಬೇಗ ಜಾತ್ರೆಗೆ ಬಂದ್ಯಾ?" ಎನ್ನುವವರಿಗೆ ಏನು ಹೇಳುವುದು ಎಂದೂ ಬಾಯಿಪಾಠ ಮಾಡಿದೆವು. ಆಕೆ ಆರಿಸಿಕೊಂಡ ಉತ್ತರ "ಹೌದಕ್ಕ, ಬಂದೆ" ಅಷ್ಟೇ. ರಾತ್ರಿ ಎಷ್ಟೇ ಗದ್ದಲವಿರಲಿ, ಮಾತ್ರೆ ತಪ್ಪಿಸಬಾರದು. ಇದನ್ನು ನಾನು ಜಾತ್ರೆಯ ಹೊತ್ತಿಗೆ ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸುವವರಿದ್ದಾರೆ, ಅಂಥ ಒಬ್ಬರಿಗೆ ಅದೇ ವರ್ಷ ರಾತ್ರಿಯ ಜಾತ್ರೆಯೇ ಬೇಡ ಎಂದಿದ್ದೆ. ಎಲ್ಲರಿಗೂ ಜನಸಂದಣಿ ಔಷಧಿಯಲ್ಲ.

ಇನ್ನೊಂದು ಹೇಳಿದೆ. ನೋಡುವವರಾಗಿ ಹೋಗಬೇಡಿ, ಏನಾದರೂ ಕೆಲಸ ಹಿಡಿದುಕೊಂಡು ಹೋಗಿ. ಸುಮ್ಮನೆ ನಿಂತವರ ಕಣ್ಣು ಜೋಡಿ ಜೋಡಿಯಾಗಿ ಹೋಗುವವರನ್ನೇ ಎಣಿಸುತ್ತದೆ. ಕೈಯಲ್ಲಿ ಸೌಟು ಇದ್ದವರಿಗೆ ಎಣಿಸಲು ಪುರುಸೊತ್ತು ಇರುವುದಿಲ್ಲ. ಆಕೆ ಆ ಸಲ ಹೊಲಿಗೆ ವಾಪಸು ಕೊಡಲಿಲ್ಲ, ಮೂವತ್ತೊಂದು ರವಿಕೆ ಮುಗಿಸಿದರು. ಪಾನಕದ ಯೋಚನೆ ನನ್ನದಲ್ಲ. ಗಂಡನ ಜೊತೆ ಸ್ಟ್ಯಾಂಡಿನಲ್ಲಿ ಗಾಡಿ ಹಚ್ಚುತ್ತಿದ್ದ ಚಾಲಕರೊಬ್ಬರು ರವಿಕೆ ಒಯ್ಯಲು ಬಂದಾಗ, ಹೆಣ ಹೊರುವುದಕ್ಕೂ ನಮ್ಮನ್ನು ಬಿಡಲಿಲ್ಲವಲ್ಲ ಎಂದು ಬಾಗಿಲಲ್ಲೇ ನಿಂತು ಅತ್ತರಂತೆ. ಮರುದಿನ ಅವರೇ ಬಂದು, ತೇರಿನ ದಿನ ಅಣ್ಣನ ಹೆಸರಲ್ಲಿ ಪಾನಕ ಕೊಡುವಾ ಎಂದರು.

2024ರ ಮಾರ್ಚ್ 20, ಬುಧವಾರ, ಬೆಳಗಿನ ಬಿಸಿಲಿಗೇ ಡಾಂಬರು ಕಾಯುತ್ತಿತ್ತು. ನಾನು ರಸ್ತೆಯ ಆಚೆ ಬದಿಯಲ್ಲಿ ಹಾದುಹೋದೆ. ಬೀದಿಯಲ್ಲಿ ನಾವಾಗಿ ಹೋಗಿ ಮಾತಾಡಿಸುವುದಿಲ್ಲ, ಅದು ನಮ್ಮ ಕಸುಬಿನ ಕಟ್ಟಳೆ. ಅವರು ನೋಡಿದರೆ ತಲೆಯಾಡಿಸುತ್ತೇವೆ. ಎರಡು ಸ್ಟೀಲ್ ಕೊಳಗ, ಬೆಲ್ಲದ ಪಾನಕ, ಮೇಲೆ ತೇಲುವ ಏಲಕ್ಕಿ ಸಿಪ್ಪೆ. ಖಾಕಿ ಅಂಗಿಯ ಆರೇಳು ಜನ ಲೋಟ ತುಂಬುತ್ತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಲೋಟ ಎಣಿಸುತ್ತಿದ್ದರು. ಲಲಿತಾ ನನ್ನನ್ನು ನೋಡಿದರು, ತಲೆಯಾಡಿಸಿದರು, ಮತ್ತೆ ಸೌಟಿಗೆ ತಿರುಗಿದರು.

ಉಳಿದದ್ದನ್ನು ಅವರು ಏಪ್ರಿಲ್‌ನಲ್ಲಿ ಹೇಳಿದರು, ಯುಗಾದಿಯಂದು ದೇವಿ ಮತ್ತೆ ಗುಡಿಯೊಳಗೆ ಕೂತ ಮೇಲೆ. ಪಾನಕ ಕುಡಿಯುತ್ತಾ ಜನ ಯಾರ ಹೆಸರಲ್ಲಿ ಎಂದು ಕೇಳುತ್ತಿದ್ದರಂತೆ. ಹೆಸರು ಹೇಳಿದರೆ ನಿಲ್ಲುತ್ತಿದ್ದರಂತೆ. ಒಬ್ಬಾಕೆ, ನಮ್ಮ ಫ್ರಿಜ್ ಅವರೇ ತಂದಿಳಿಸಿದ್ದು, ಮಳೆಯಲ್ಲಿ, ಬಾಡಿಗೆ ಆಮೇಲೆ ಕೊಡಿ ಎಂದವರು ಕೇಳಲೇ ಇಲ್ಲ ಎಂದು ಲೋಟದ ಕೆಳಗೆ ನೂರರ ನೋಟು ಇಟ್ಟು ಹೋದಳು. ತೇರು ಎದುರು ಬಂದಾಗ ಗ್ಯಾಸಿನ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಕೈ ಹಿಡಿದುಕೊಂಡರು, ಇಬ್ಬರೂ ಅಲ್ಲೇ ಅತ್ತರು. ಶನಿವಾರ ಗದ್ದುಗೆಯ ಸಾಲಿನಲ್ಲಿ ನಿಂತು ಆಕೆಯೇ ಉಡಿ ಕೊಟ್ಟು ಬಂದರು. ಯಾರಾದರೂ ಏನಾದರೂ ಅಂದರಾ ಎಂದೆ. "ಸಾಲಲ್ಲಿ ಯಾರೂ ಯಾರ ಹಣೆ ನೋಡೂದಿಲ್ಲ ಮೇಡಂ. ಮುಂದಿನವರ ಬೆನ್ನು ನೋಡ್ತಾರೆ."

ನಾದಿನಿಯೊಬ್ಬರು ಅಂದರಂತೆ, ಮನೆಗೆ ಬಂದ ಮೇಲೆ, ಅಡುಗೆ ಮನೆಯಲ್ಲಿ. ಅದಕ್ಕೆ ನಾವು ಇನ್ನೂ ಎರಡು ಭೇಟಿ ಕಳೆದೆವು. ನಿದ್ದೆ ಈಗ ಪರವಾಗಿಲ್ಲ, ಮಾತ್ರೆಯನ್ನು ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಿದರು. ಮೇ ತಿಂಗಳು ಬಂದರೆ ಈಗಲೂ ಕಷ್ಟವೇ, ಹೊತ್ತಲ್ಲದ ಹೊತ್ತಿಗೆ ಬೇಕಾದೀತು ಎಂದು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಮಗಳ ಫೋನಿನಲ್ಲಿ ಹಾಕಿಸಿದ್ದೇನೆ. ಬಳೆ ಪೇಪರಿನಲ್ಲೇ ಇದೆ. ಕೊನೆಯ ಭೇಟಿಯಲ್ಲಿ ಎದ್ದು ಹೊರಟವರು ಬಾಗಿಲಲ್ಲಿ ನಿಂತು, ಮುಂದಿನ ಜಾತ್ರೆಗೆ ಪಾನಕ ಬೇಡ, ಬೆಲ್ಲಕ್ಕೆ ನೊಣ ಮುತ್ತುತ್ತದೆ, ಮಜ್ಜಿಗೆ ಮಾಡುವಾ ಅಂತ ಡ್ರೈವರುಗಳಿಗೆ ಹೇಳಿದ್ದೇನೆ ಎಂದರು.