ಆಪರೇಷನ್ ಆದ ಮೇಲೆ ನರದ ಮೂಲಕ ಆಹಾರ ಕೊಟ್ಟರೆ ರಕ್ತದಲ್ಲಿ ಆಸಿಡ್ ಜಾಸ್ತಿ ಆಗುತ್ತಾ?

ತಂದೆಗೆ ಕರುಳಿನ ಆಪರೇಷನ್ ಆಗಿದೆ, ನಾಲ್ಕು ದಿನದಿಂದ ಟಿಪಿಎನ್ (ಪೂರ್ತಿ ಆಹಾರವನ್ನು ನರದ ಮೂಲಕ ಕೊಡುವ ಬ್ಯಾಗ್) ಹೋಗುತ್ತಿದೆ, ಈಗ ಎಬಿಜಿ (ರಕ್ತದ ಆಸಿಡ್, ಆಕ್ಸಿಜನ್ ನೋಡುವ ಪರೀಕ್ಷೆ) ರಿಪೋರ್ಟಲ್ಲಿ ಆಸಿಡ್ ಜಾಸ್ತಿ ಬಂದಿದೆ, ಇದು ಆ ಬ್ಯಾಗಿನಿಂದಲೇ ಆಯಿತಾ ಅಂತ ಕೇಳಿದ್ದೀರಿ. ನಾನು ಐಸಿಯು ನರ್ಸ್, ಇಂಥ ಬ್ಯಾಗುಗಳನ್ನು ದಿನವೂ ಹಾಕುತ್ತೇನೆ. ಬ್ಯಾಗಿನಿಂದ ಆಗಬಹುದು. ಆದರೆ ಒಳಗೆ ಹೋಗುವುದನ್ನಷ್ಟೇ ನೋಡಿದರೆ ಸಾಲದು, ಹೊರಗೆ ಹೋಗುವುದನ್ನೂ ನೋಡಬೇಕು.

ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಿಂದ ಹೊಟ್ಟೆಯ ಆಸಿಡ್ ಹೊರಗೆ ಬರುತ್ತಿದ್ದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಸಣ್ಣ ಕರುಳಿನ ಸ್ಟೋಮಾದಿಂದ (ಹೊಟ್ಟೆಯ ಮೇಲೆ ಆಪರೇಷನ್ ಮಾಡಿ ತೆರೆದ ಕರುಳಿನ ಬಾಯಿ) ಜಾಸ್ತಿ ಹೋದರೆ ಉಲ್ಟಾ. ಆಸಿಡನ್ನು ತಗ್ಗಿಸುವ ಬೈಕಾರ್ಬೊನೇಟ್ ಹೋಗಿಬಿಡುತ್ತದೆ, ಆಸಿಡ್ ಏರುತ್ತದೆ. ನಾವು ಸ್ಟೋಮಾ ಬ್ಯಾಗನ್ನು ಖಾಲಿ ಮಾಡುವಾಗೆಲ್ಲ ಎಷ್ಟು ಎಂಎಲ್ ಅಂತ ಅಳೆದು ಚಾರ್ಟಲ್ಲಿ ಬರೆಯುವುದು ಇದಕ್ಕೇ.

ಇನ್ನು ಆಹಾರದ ಬ್ಯಾಗ್. ಅದರಲ್ಲಿ ಕ್ಲೋರೈಡ್ ಜಾಸ್ತಿಯಿದ್ದು, ಜೊತೆಗೆ ನಾರ್ಮಲ್ ಸಲೈನ್ ಕೂಡ ಹೋಗುತ್ತಿದ್ದರೆ (ಲೀಟರಿಗೆ 154 ಮಿಲಿಮೋಲ್ ಕ್ಲೋರೈಡ್), ಆಸಿಡ್ ಏರಬಹುದು. ಆಗ ಕ್ಲೋರೈಡ್ ಕಡಿಮೆ ಮಾಡಿ ಅಸಿಟೇಟ್ ಹಾಕುತ್ತಾರೆ. ಮೈ ಅದನ್ನು ಬೈಕಾರ್ಬೊನೇಟ್ ಮಾಡಿಕೊಳ್ಳುತ್ತದೆ. ನೇರವಾಗಿ ಬೈಕಾರ್ಬೊನೇಟನ್ನೇ ಹಾಕಬಾರದಾ? ಬ್ಯಾಗಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಅದು ಸೀಮೆಸುಣ್ಣದ ಪುಡಿಯ ಹಾಗೆ ತಳಕ್ಕೆ ಕೂರುತ್ತದೆ, ಅದಕ್ಕೇ ಹಾಕಲ್ಲ. ಗ್ಲುಕೋಸ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗುತ್ತದೆ. ಶ್ವಾಸಕೋಶ ಸೋತವರಿಗೆ ಅದನ್ನು ಹೊರಹಾಕುವುದು ಕಷ್ಟ.

ನನಗೆ ಎಲ್ಲಕ್ಕಿಂತ ಭಯ ವಿಟಮಿನ್ ಬಿ1, ಅಂದರೆ ಥಯಮಿನ್ ಬಗ್ಗೆ. ಅದಿಲ್ಲದೆ ಗ್ಲುಕೋಸ್ ಪೂರ್ತಿ ಉರಿಯಲ್ಲ, ಅರ್ಧಕ್ಕೇ ನಿಂತು ಲ್ಯಾಕ್ಟಿಕ್ ಆಸಿಡ್ ಆಗುತ್ತದೆ. 1997ರಲ್ಲಿ ಅಮೆರಿಕದಲ್ಲಿ ನರಕ್ಕೆ ಕೊಡುವ ಮಲ್ಟಿವಿಟಮಿನ್ ಸಿಗದೆ ಟಿಪಿಎನ್ ಮೇಲಿದ್ದವರಿಗೆ ಹೀಗೇ ಆಗಿತ್ತು. ನಮ್ಮಲ್ಲಿ ಬರುವ ಮೂರು ಖಾನೆಯ ರೆಡಿಮೇಡ್ ಬ್ಯಾಗುಗಳಲ್ಲಿ ಗ್ಲುಕೋಸ್, ಅಮೈನೋ ಆಸಿಡ್, ಕೊಬ್ಬು ಇರುತ್ತವೆ, ವಿಟಮಿನ್ ಇರಲ್ಲ. ಬೇರೆಯಾಗಿ ಸೇರಿಸಬೇಕು. ಸೇರಿಸಿದ ಕೂಡಲೇ ಹಾಲಿನಂತಿದ್ದ ಬ್ಯಾಗ್ ತಿಳಿಹಳದಿಗೆ ತಿರುಗುತ್ತದೆ. ಬೇರೆ ಕಡೆಯಿಂದ ಬಂದ ಒಬ್ಬ ಪೇಶಂಟಿಗೆ ಹತ್ತು ದಿನ ಅಚ್ಚ ಬಿಳಿ ಬ್ಯಾಗೇ ಹೋಗಿತ್ತು, ವಿಟಮಿನ್ ಬೇರೆಯಾಗಿಯೂ ಕೊಟ್ಟಿರಲಿಲ್ಲ. ಥಯಮಿನ್ ಕೊಟ್ಟ ಮೇಲೆ ಅವರ ಲ್ಯಾಕ್ಟೇಟ್ (ರಕ್ತದಲ್ಲಿನ ಲ್ಯಾಕ್ಟಿಕ್ ಆಸಿಡ್ ಮಟ್ಟ) ಇಳಿಯತೊಡಗಿತು. ಆ ಬಿಳಿ ಬಣ್ಣ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾಗಿ ನಾಳೆ ರೌಂಡ್ಸಲ್ಲಿ ಡಾಕ್ಟರನ್ನು ಕೇಳಿ: ಲ್ಯಾಕ್ಟೇಟ್ ಎಷ್ಟಿದೆ, ಕ್ಲೋರೈಡ್ ಎಷ್ಟಿದೆ, ಥಯಮಿನ್ ಹೋಗುತ್ತಿದೆಯಾ, ಸ್ಟೋಮಾದಿಂದ ದಿನಕ್ಕೆ ಎಷ್ಟು ಹೋಗುತ್ತಿದೆ. ಕೇಳಲು ಸಂಕೋಚ ಬೇಡ. ಆಪರೇಷನ್‌ಗೆ ಮುಂಚೆ ವಾರಗಟ್ಟಲೆ ಸರಿಯಾಗಿ ಊಟ ಮಾಡಿರದಿದ್ದರೆ, ಕುಡಿಯುವ ಅಭ್ಯಾಸ ಇದ್ದರೆ, ಮುಚ್ಚಿಡದೆ ಹೇಳಿಬಿಡಿ. ಅಂಥವರಲ್ಲಿ ಥಯಮಿನ್ ಮೊದಲೇ ಕಡಿಮೆ ಇರುತ್ತದೆ. ಬ್ಯಾಗ್ ನಿಲ್ಲಿಸಿ ಅಂತ ಮಾತ್ರ ಹಟ ಹಿಡಿಯಬೇಡಿ, ಒಮ್ಮೆಲೇ ನಿಲ್ಲಿಸಿದರೆ ಶುಗರ್ ಇಳಿದುಬಿಡಬಹುದು. ಅವರು ಜೋರಾಗಿ ಏದುಸಿರು ಬಿಡುತ್ತಿದ್ದರೆ, ಕರೆದರೆ ಮಂಪರಲ್ಲೇ ಇದ್ದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ನರ್ಸನ್ನು ಎಬ್ಬಿಸಿ ಕರೆತನ್ನಿ.