ಅಕ್ಷೌಹಿಣಿ ಎಂದರೆ ಎಷ್ಟು ಸೈನ್ಯ?

ಪ್ರಶ್ನೆ: ಕುರುಕ್ಷೇತ್ರದಲ್ಲಿ ಕೌರವರದು 11, ಪಾಂಡವರದು 7, ಒಟ್ಟು 18 ಅಕ್ಷೌಹಿಣಿ ಸೈನ್ಯ ಸೇರಿತ್ತೆಂದು ಓದಿದ್ದೇನೆ. ಒಂದು ಅಕ್ಷೌಹಿಣಿ ಎಂದರೆ 2,18,700 ಸೈನಿಕರು ಎಂಬ ಲೆಕ್ಕ ಸರಿಯೇ? ‘ಅಕ್ಷೋಹಿಣಿ’ ಎಂದು ಬರೆದರೆ ತಪ್ಪೇ?

ಉತ್ತರ: ಅಂಕಿ ಸರಿಯಾಗಿದೆ, ಆದರೆ ಅದು ಸೈನಿಕರ ತಲೆಯೆಣಿಕೆಯಲ್ಲ. ಮಹಾಭಾರತದ ಆದಿಪರ್ವದಲ್ಲಿ ಋಷಿಗಳು ಇದೇ ಪ್ರಶ್ನೆಯನ್ನು ಕೇಳಿದಾಗ ಕಥೆ ಹೇಳುವ ಸೂತನು ಲೆಕ್ಕವನ್ನು ಬುಡದಿಂದ ಬಿಡಿಸುತ್ತಾನೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅಲ್ಲಿಂದ ಮುಂದೆ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ ಎಂಬ ಒಂದೊಂದು ಮೆಟ್ಟಿಲೂ ಹಿಂದಿನದರ ಮೂರು ಪಟ್ಟು. ಕೊನೆಯ ಮೆಟ್ಟಿಲು ಮಾತ್ರ ಹತ್ತು ಪಟ್ಟು: ಹತ್ತು ಅನೀಕಿನಿಗಳಿಗೆ ಒಂದು ಅಕ್ಷೌಹಿಣಿ. ಹೀಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳುಗಳಾಗುತ್ತವೆ. ನೀವು ಕೊಟ್ಟಿರುವ ಮೊತ್ತದಲ್ಲಿ ಆನೆಯೂ ಒಂದು, ಸಾರಥಿ ಮತ್ತು ರಥಿಕ ಇಬ್ಬರನ್ನೂ ಹೊತ್ತ ರಥವೂ ಒಂದೇ ಎಂಬುದನ್ನು ಗಮನಿಸಬೇಕು.

ಆದರೆ ಕಥೆಯೊಳಗೆ ಈ ಪದ ಇಷ್ಟು ಕಟ್ಟುನಿಟ್ಟಾಗಿ ನಡೆದುಕೊಳ್ಳುವುದಿಲ್ಲ. ಉದ್ಯೋಗಪರ್ವದಲ್ಲಿ ಸಾತ್ಯಕಿ ಪಾಂಡವರ ಕಡೆಗೆ ಒಂದು ಅಕ್ಷೌಹಿಣಿ ತರುತ್ತಾನೆ, ಕೃತವರ್ಮ ಕೌರವರ ಕಡೆಗೆ ಇನ್ನೊಂದು. ಸಾತ್ಯಕಿಯ ದಂಡು ಯುಧಿಷ್ಠಿರನ ಸೈನ್ಯವನ್ನು ಸೇರಿ, ಸಣ್ಣ ಹೊಳೆ ಕಡಲಲ್ಲಿ ಮರೆಯಾದಂತೆ ಮರೆಯಾಯಿತು ಎನ್ನುತ್ತಾನೆ ಕವಿ. ಎರಡು ಲಕ್ಷ ಮೀರಿದ ದಂಡಿಗೆ ಸಣ್ಣ ಹೊಳೆಯ ಹೋಲಿಕೆ! ಅಲ್ಲಿ ಅಕ್ಷೌಹಿಣಿ ಎಂದರೆ ಒಬ್ಬ ಅರಸನ ಪೂರ್ಣ ಚತುರಂಗ ಬಲ ಎಂದು ತಿಳಿಯುವುದೇ ಉಚಿತವೆಂದು ನನಗೆ ತೋರುತ್ತದೆ. ಅದೇ ಪರ್ವದ ಇನ್ನೊಂದೆಡೆ ವಾಹಿನಿ, ಪೃತನಾಗಳ ಅಳತೆಯೇ ಬೇರೆ. ಜೊತೆಗೆ ವಾಹಿನಿ, ಚಮೂ, ಅಕ್ಷೌಹಿಣಿಗಳೆಲ್ಲ ಪರ್ಯಾಯ ಪದಗಳೆಂಬ ಮಾತೂ ಇದೆ.

ಶಾಸನಗಳ ಕನ್ನಡದಲ್ಲೂ ಹೀಗೆಯೇ. ಹೊಯ್ಸಳರ ದಂಡನಾಯಕ ಹುಳ್ಳನನ್ನು ‘ಚಮೂಪ’ ಎಂದು ಕರೆದಾಗ ಅವನ ಕೈಕೆಳಗೆ ಒಂದು ಚಮೂವಿನ ಲೆಕ್ಕದಂತೆ 729 ರಥಗಳಿದ್ದವೆಂದು ಯಾರೂ ಅರ್ಥ ಮಾಡುವುದಿಲ್ಲ. ಸೇನಾಪತಿ ಎಂದಷ್ಟೇ ಅರ್ಥ.

ಕಾಗುಣಿತದ ವಿಷಯ: ಅಕ್ಷ, ಊಹಿನೀ ಸೇರುವಾಗ ಗುಣಸಂಧಿಯಾಗಿ ‘ಓ’ಕಾರ ಬರಬೇಕಿತ್ತು, ಆದರೆ ಈ ಪದಕ್ಕೆಂದೇ ಸಂಸ್ಕೃತ ವ್ಯಾಕರಣ ವೃದ್ಧಿಯನ್ನು, ಅಂದರೆ ‘ಔ’ಕಾರವನ್ನು, ವಿಧಿಸಿದೆ. ಹಾಗಾಗಿ ಗದ್ಯದಲ್ಲಿ ‘ಅಕ್ಷೌಹಿಣಿ’ ಎಂದೇ ಬರೆಯಿರಿ. ಆಡುಮಾತಿನ ‘ಅಕ್ಷೋಹಿಣಿ’ಯನ್ನು ತಿದ್ದಲು ಹೋಗಬೇಕಿಲ್ಲ.