ಮೊದಲು ಬಂದವರಿಗೆ ಮೊದಲು ಆಪರೇಷನ್ ಯಾಕಿಲ್ಲ?

ಪ್ರಶ್ನೆ: ಹೊಟ್ಟೆನೋವೆಂದು ಅಣ್ಣನನ್ನು ಕರೆದುಕೊಂಡು ಹೋದೆವು. ಮೊದಲ ಆಸ್ಪತ್ರೆಯವರು ಎರಡು ಗಂಟೆ ಇಟ್ಟುಕೊಂಡು ಬೇರೆಡೆ ಕಳಿಸಿದರು. ಅಲ್ಲಿ ನಮಗಿಂತ ತಡವಾಗಿ ಬಂದವರನ್ನು ಮೊದಲು ಥಿಯೇಟರಿಗೆ ಒಯ್ದರು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಇದು ಅನ್ಯಾಯವಲ್ಲವೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಎರಡನೆಯ ಆಸ್ಪತ್ರೆಯ ಮೇಲೆ ಕೋಪ ಬೇಡ. ತುರ್ತು ಶಸ್ತ್ರಚಿಕಿತ್ಸೆಯ ಸರದಿ ಬಂದ ಹೊತ್ತನ್ನು ನೋಡುವುದಿಲ್ಲ, ದೇಹ ಎಷ್ಟು ಹೊತ್ತು ತಡೆದೀತು ಎಂಬುದನ್ನು ನೋಡುತ್ತದೆ. ಒಳಗೆ ರಕ್ತ ಸೋರುತ್ತಿರುವವರಿಗೆ ನಿಮಿಷಗಳ ಲೆಕ್ಕ. ವೃಷಣ ತಿರುಚಿಕೊಂಡರೆ, ಕಾಲಿನ ರಕ್ತನಾಳ ಹಠಾತ್ತನೆ ಕಟ್ಟಿಕೊಂಡರೆ ಸುಮಾರು 6 ಗಂಟೆ. ಒಡೆಯದ ಅಪೆಂಡಿಕ್ಸ್ ಆಂಟಿಬಯಾಟಿಕ್ ಕೊಟ್ಟು ಕೆಲವು ಗಂಟೆ ಕಾಯಬಲ್ಲದು. ಆದರೆ ಒಮ್ಮೆ ನಿರ್ಧರಿಸಿದ ಸರದಿ ಹಾಗೆಯೇ ಉಳಿಯಬಾರದು. ನೋವು ಥಟ್ಟನೆ ತಗ್ಗಿ, ಆಮೇಲೆ ಹೊಟ್ಟೆಯೆಲ್ಲ ನೋಯುತ್ತ ಗಟ್ಟಿಯಾದರೆ ಒಡೆದಿರುವ ಸಾಧ್ಯತೆ ಇದೆ. "ನೋವು ಇಳಿಯಿತಲ್ಲ" ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಕೂಡಲೇ ನರ್ಸ್‌ಗೆ ಹೇಳಿ, ನಾಡಿ, ಬಿಪಿ ಮತ್ತೆ ನೋಡಿಸಬೇಕು.

ನಿಜವಾದ ನಷ್ಟವಾದದ್ದು ಮೊದಲ ಆಸ್ಪತ್ರೆಯಲ್ಲಿ. ಫೋನಿನಲ್ಲಿ "ಡಾಕ್ಟರ್ ಇದ್ದಾರಾ?" ಎಂದರೆ ಇದ್ದಾರೆ ಎಂದೇ ಉತ್ತರ ಬರುತ್ತದೆ. ಕೇಳಬೇಕಾದದ್ದು: ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಈಗಲೇ ಸಿಗುತ್ತಾರಾ, ರಕ್ತ ಇದೆಯಾ, ಐಸಿಯು ಹಾಸಿಗೆ ಖಾಲಿ ಇದೆಯಾ. ಇವುಗಳಲ್ಲಿ ಒಂದಿಲ್ಲದಿದ್ದರೂ ಥಿಯೇಟರ್ ನಿಂತುಬಿಡಬಹುದು. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಶಸ್ತ್ರಚಿಕಿತ್ಸಾ ಆಯೋಗ 2015ರಲ್ಲಿ ಇನ್ನೂ ಸರಳವಾದ ಅಳತೆ ಕೊಟ್ಟಿತು: ಹೊಟ್ಟೆ ತೆರೆಯುವುದು, ಸಿಸೇರಿಯನ್, ಮೂಳೆ ಹೊರಬಂದ ಮುರಿತ. ಈ ಮೂರನ್ನೂ ಮಾಡಬಲ್ಲ ಆಸ್ಪತ್ರೆ 2 ಗಂಟೆಯೊಳಗೆ ಸಿಗಬೇಕು. ನಿಮಗೆ ಹತ್ತಿರದಲ್ಲಿ ಅಂಥದ್ದು ಯಾವುದೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ.

ಬೇರೆಡೆ ಕಳಿಸುತ್ತೇವೆಂದರೆ, ಅಲ್ಲಿಗೆ ಫೋನ್ ಮಾಡಿ ಒಪ್ಪಿಗೆ ಪಡೆದ ಮೇಲೆಯೇ ಕಳಿಸುವಂತೆ ಕೇಳಿ. ಕೊಟ್ಟ ಔಷಧಿ ಮತ್ತು ಕೊಟ್ಟ ಸಮಯ ಬರೆದ ಚೀಟಿ, ಸ್ಕ್ಯಾನ್ ಎರಡೂ ಜೊತೆಗಿರಲಿ. ಇಲ್ಲದಿದ್ದರೆ ಎಲ್ಲವೂ ಮೊದಲಿನಿಂದ ಶುರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಅದರ ಹೆಸರು, ಕೊನೆಯ ಬಾರಿ ನುಂಗಿದ ಹೊತ್ತು ಹೇಳಲೇಬೇಕು.

ದಾರಿಯಲ್ಲಿ ಏನೂ ತಿನ್ನಿಸಬೇಡಿ, ಹಾಲನ್ನೂ ಕುಡಿಸಬೇಡಿ. ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಕಾಯಬಹುದಾದ ಆಪರೇಷನ್ನಿಗೆ ಊಟವಾಗಿ 6 ಗಂಟೆ ಕಾಯುತ್ತಾರೆ. ಪ್ರಾಣಾಪಾಯವಿದ್ದರೆ ಕಾಯುವುದಿಲ್ಲ, ಅರಿವಳಿಕೆಯ ವಿಧಾನವನ್ನೇ ಬದಲಿಸುತ್ತಾರೆ. ಕೊನೆಗೆ ತಿಂದದ್ದೇನು, ಯಾವಾಗ ಎಂದು ಮುಚ್ಚಿಡದೆ ಹೇಳಿ. ನೋವಿಗೆ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಮರೆಯಾಗುತ್ತದೆ ಎಂಬ ಹಳೆಯ ಭಯಕ್ಕೆ ಮಾತ್ರ ಆಧಾರವಿಲ್ಲ. ಧೈರ್ಯವಾಗಿ ಕೇಳಿ ಹಾಕಿಸಿಕೊಳ್ಳಿ.

— ಸಂ.